ಡ್ಯಾನ್‌ವಿಲ್‌ನ ಗೋಡೆ ಮೇಲಿರೋ "ಸಿ6ಹೆಚ್0" ಏನು?

ಕೆಂಟಕಿ_ಕನ್ನಡಿಗ: ಅಮೆರಿಕದ ಕೆಂಟಕಿಯಲ್ಲಿ ಡ್ಯಾನ್‌ವಿಲ್ ಅಂತ ಚಿಕ್ಕ ಊರಿದೆ, ಅಲ್ಲಿ ಸೆಂಟರ್ ಕಾಲೇಜ್ ಹತ್ರ ಹಳೇ ಪೋಸ್ಟ್ ಆಫೀಸ್ ಬಿಲ್ಡಿಂಗ್ ಗೋಡೆ ಮೇಲೆ ಇದನ್ನ ಪೇಂಟ್ ಮಾಡಿದಾರೆ. ಕೆಮಿಸ್ಟ್ರಿ ಫಾರ್ಮುಲಾ ಅನ್ಕೊಂಡೆ, ಕೇಳಿದ್ರೆ ಅಮೆರಿಕನ್ ಫುಟ್‌ಬಾಲ್ (ಬಾಲ್ ಕೈಲಿ ಹಿಡ್ಕೊಂಡು ಓಡೋ ಆಟ) ಸ್ಕೋರ್ ಅಂದ್ರು. ನೂರು ವರ್ಷದ ಹಿಂದಿನ ಒಂದ್ ಮ್ಯಾಚ್‌ಗೆ ಇಷ್ಟೊಂದು ಯಾಕೆ? ಗೊತ್ತಿರೋರು ಹೇಳಿ.

ಹಳೇ_ಸ್ಕೋರ್‌ಬೋರ್ಡ್: ಸೆಂಟರ್ 6, ಹಾರ್ವರ್ಡ್ 0 ಗುರು! 1921ರ ಅಕ್ಟೋಬರ್ 29. ಹಾರ್ವರ್ಡ್ ಆಗ ದೈತ್ಯ ಟೀಮು, 1919, 1920 ಎರಡೂ ಸೀಸನ್‌ನಲ್ಲಿ ಒಂದೂ ಸೋತಿರ್ಲಿಲ್ಲ, ರೋಸ್ ಬೌಲ್ ಅನ್ನೋ ದೊಡ್ಡ ಮ್ಯಾಚ್ ಬೇರೆ ಗೆದ್ದಿದ್ರು. ಸೆಂಟರ್‌ನಲ್ಲಿ ಇದ್ದಿದ್ದೇ ಸುಮಾರು ಮುನ್ನೂರು ಸ್ಟೂಡೆಂಟ್ಸ್. 1920ರಲ್ಲೂ ಸೆಂಟರ್‌ನವರು ಹಾರ್ವರ್ಡ್‌ಗೇ ಹೋಗಿ ಆಡಿ 31-14ರಲ್ಲಿ ಸೋತಿದ್ರು, ಮ್ಯಾಚ್ ಮುಗಿದ್ಮೇಲೆ ಹಾರ್ವರ್ಡ್ ಕ್ಯಾಪ್ಟನ್ ನೆನಪಿಗೆ ಇರ್ಲಿ ಅಂತ ಬಾಲ್ ಕೊಡೋಕ್ ಬಂದ್ರೆ ಸೆಂಟರ್ ಆಟಗಾರ ಬೋ ಮ್ಯಾಕ್‌ಮಿಲಿನ್ ಬೇಡ ಅಂದ್ರಂತೆ, ಮುಂದಿನ ವರ್ಷ ಬಂದು ಗೆದ್ದೇ ತಗೊಂಡ್ ಹೋಗ್ತೀವಿ ಅಂತ. ಹೇಳಿದ ಹಾಗೇ ಮಾಡಿದ್ರು. ಮೂರನೇ ಕ್ವಾರ್ಟರ್‌ನಲ್ಲಿ ಬಾಲ್ ಹಿಡ್ಕೊಂಡು 32 ಯಾರ್ಡ್ ಓಡಿ ಟಚ್‌ಡೌನ್ ಹೊಡೆದಿದ್ದು ಅದೇ ಬೋ, ಟಚ್‌ಡೌನ್‌ಗೆ 6 ಪಾಯಿಂಟ್, ಆಮೇಲಿನ ಕಿಕ್‌ಗೆ ಇನ್ನೊಂದು, ಆ ಕಿಕ್ ಮಿಸ್ ಆಯ್ತು, ಅದಕ್ಕೇ 7 ಅಲ್ಲ 6. ಹಾರ್ವರ್ಡ್‌ಗೆ ಪೂರ್ತಿ ಮ್ಯಾಚ್‌ನಲ್ಲಿ ಒಂದು ಪಾಯಿಂಟೂ ಬಿಟ್ಟುಕೊಡ್ಲಿಲ್ಲ, ನನಗೆ ಆ ಓಟಕ್ಕಿಂತ ಇದೇ ದೊಡ್ಡದು ಅನ್ಸುತ್ತೆ.

ಮೈಸೂರ್_ಮಂಜ: ಒಂದೇ ಟಚ್‌ಡೌನ್ ಅಂದ್ರೆ ಅದೃಷ್ಟ ಇರ್ಬೋದಲ್ವಾ ಸರ್? ಒಂದ್ ದಿನ ಯಾರು ಬೇಕಾದ್ರೂ ಗೆಲ್ತಾರೆ.

ಹಳೇ_ಸ್ಕೋರ್‌ಬೋರ್ಡ್: ಇಲ್ಲ ಮಂಜಣ್ಣ, ಸೀಸನ್ ಪೂರ್ತಿ ನೋಡಿ. ಕ್ಲೆಮ್ಸನ್ 14-0, ಟ್ರಾನ್ಸಿಲ್ವೇನಿಯಾ 98-0, ಕೆಂಟಕಿ ಯೂನಿವರ್ಸಿಟಿ 55-0, ಆಬರ್ನ್ 21-0, ಟುಲೇನ್ 21-0. ರೆಗ್ಯುಲರ್ ಸೀಸನ್‌ನ 9 ಮ್ಯಾಚ್ ಸೇರಿ ಇವರು ಹೊಡೆದಿದ್ದು 282, ಎದುರಾಳಿಗಳು ಎಲ್ಲಾ ಸೇರಿ ಹೊಡೆದಿದ್ದು 6! ಆ ಆರೂ ಸೇಂಟ್ ಝೇವಿಯರ್ ಜೊತೆ ಆಡಿದ ಒಂದೇ ಮ್ಯಾಚ್‌ನಲ್ಲಿ ಬಂದಿದ್ದು. ಇದನ್ನ ಅದೃಷ್ಟ ಅಂದ್ರೆ ಆ ಹುಡುಗ್ರಿಗೆ ಅನ್ಯಾಯ ಆಗುತ್ತೆ. ಟೀಮ್ ಕಟ್ಟಿದ ರೀತೀನೂ ಚೆನ್ನಾಗಿದೆ, ಟೆಕ್ಸಾಸ್‌ನ ಫೋರ್ಟ್ ವರ್ತ್‌ನಲ್ಲಿ ಹೈಸ್ಕೂಲ್ ಕೋಚ್ ಆಗಿದ್ದ ಚೀಫ್ ಮೈಯರ್ಸ್ ಈ ಕಾಲೇಜಿಗೆ ಬಂದಾಗ ಬೋ ಸೇರಿ ತನ್ನ ಹುಡುಗ್ರನ್ನೂ ಇಲ್ಲಿಗೆ ಕರೆಸ್ಕೊಂಡ್ರು, ಆಮೇಲೆ ಕೋಚಿಂಗ್‌ನ ಚಾರ್ಲಿ ಮೊರಾನ್‌ಗೆ ಒಪ್ಪಿಸಿದ್ರು, ಮೊರಾನ್ ಬೇಸ್‌ಬಾಲ್ ನ್ಯಾಷನಲ್ ಲೀಗ್‌ನಲ್ಲಿ ಅಂಪೈರ್ ಕೂಡ. ಅಂದ್ರೆ ವರ್ಷಗಟ್ಟಲೆ ಒಟ್ಟಿಗೆ ಆಡಿ ಪಳಗಿದ ಹುಡುಗ್ರು ಇವರು.

ಮೈಸೂರ್_ಮಂಜ: 282ಕ್ಕೆ 6 ಅಂದ್ರೆ ಒಪ್ಕೋಬೇಕು ಬಿಡಿ. ಹಾಗಾದ್ರೆ ಆ ವರ್ಷ ಸೋಲೇ ಇಲ್ವಾ?

ಟೆಕ್ಸಾಸ್_ಶೆಟ್ರು: ಸೋತಿದ್ದು ನಮ್ ಕಡೆಯವರ ಕೈಲಿ 😀 ಸ್ಯಾನ್ ಡಿಯಾಗೋದಲ್ಲಿ ಅರಿಝೋನಾನ 38-0 ಸೋಲಿಸಿ, 1922ರ ಜನವರಿ 2ಕ್ಕೆ ಡಲ್ಲಾಸ್‌ಗೆ ಬಂದು ಟೆಕ್ಸಾಸ್ ಎ ಅಂಡ್ ಎಂ ಯೂನಿವರ್ಸಿಟಿ ಜೊತೆ 22-14ರಲ್ಲಿ ಸೋತ್ರು. ಬೋ ಅವತ್ತೇ ಬೆಳಗ್ಗೆ ಮದುವೆ ಆಗಿ ಮಧ್ಯಾಹ್ನ ಆಡೋಕೆ ಇಳಿದಿದ್ರು! ಎ ಅಂಡ್ ಎಂ ಕಡೆ ಎಷ್ಟು ಜನಕ್ಕೆ ಪೆಟ್ಟಾಯ್ತು ಅಂದ್ರೆ, ಪ್ರೆಸ್ ಬಾಕ್ಸ್‌ನಲ್ಲಿ ಕೂತಿದ್ದ ಕಿಂಗ್ ಗಿಲ್ ಅನ್ನೋ ಸ್ಟೂಡೆಂಟ್‌ನ ಕೋಚ್ ಕೆಳಗೆ ಕರೆಸಿ ಯೂನಿಫಾರ್ಮ್ ಹಾಕ್ಸಿ ನಿಲ್ಲಿಸಿದ್ರು. ಆಡೋ ಸಂದರ್ಭ ಬರ್ಲಿಲ್ಲ, ಆದ್ರೂ ಅಲ್ಲಿಂದ್ಲೇ ಅವರ "ಟ್ವೆಲ್ತ್ ಮ್ಯಾನ್" (ಹನ್ನೊಂದು ಜನರ ಟೀಮ್‌ಗೆ ಹನ್ನೆರಡನೇ ಆಳು) ಸಂಪ್ರದಾಯ ಶುರು ಆಗಿದ್ದು, ಇವತ್ತಿಗೂ ಅಲ್ಲಿ ಸ್ಟೂಡೆಂಟ್ಸ್ ಮ್ಯಾಚ್ ಪೂರ್ತಿ ನಿಂತ್ಕೊಂಡೇ ನೋಡ್ತಾರೆ.