ಬ್ರಿಟನ್ನಿನ ರಾಜಕಾರಣಕ್ಕೆ ಕಡಲೇ ಕಾರಣವೇ?

ಭೂಗೋಳದ ಮೇಷ್ಟ್ರು: ಬ್ರಿಟನ್ ಯುರೋಪಿನ ಒಕ್ಕೂಟದಿಂದ ಹೊರಬಂದದ್ದಕ್ಕೆ ಕಾರಣವನ್ನು 2016ರ ಜನಮತಗಣನೆಯ ಪ್ರಚಾರದಲ್ಲಿ ಹುಡುಕಬೇಡಿ, ಇಂಗ್ಲೆಂಡಿನ ಡೋವರ್ ಬಂದರಿಗೂ ಫ್ರಾನ್ಸಿಗೂ ನಡುವಿನ ಸುಮಾರು 33 ಕಿಲೋಮೀಟರ್ ನೀರಿನಲ್ಲಿ ಹುಡುಕಿ. 1066ರಲ್ಲಿ ನಾರ್ಮನ್ನರು ಗೆದ್ದ ನಂತರ ಆ ಕಡಲನ್ನು ದಾಟಿ ಇಂಗ್ಲೆಂಡನ್ನು ಯಾರೂ ಗೆದ್ದಿಲ್ಲ. ಸ್ಪೇನಿನವರು, ನೆಪೋಲಿಯನ್, ಹಿಟ್ಲರ್ ಯಾರಿಗೂ ಆಗಲಿಲ್ಲ. ಹಾಗಾಗಿಯೇ ಅವರು ಭೂಸೇನೆಗಿಂತ ನೌಕಾಪಡೆಗೆ ಹಣ ಸುರಿದರು, ಯುರೋಪಿನಲ್ಲಿ ಯಾವ ದೊರೆಯೂ ಅತಿಯಾಗಿ ಬಲಿಯದಂತೆ ನೋಡಿಕೊಂಡರು.

ಹಳೇ ಕಡತ: "ಯಾರೂ ಗೆದ್ದಿಲ್ಲ" ಎಂದು ಹೇಗೆ ಬರೆಯುತ್ತೀರಿ ಸರ್? 1688ರ ನವೆಂಬರ್ 5ರಂದು ಡಚ್ಚರ ವಿಲಿಯಂ ನಾನೂರಕ್ಕೂ ಹೆಚ್ಚು ಹಡಗುಗಳೊಂದಿಗೆ ಇಂಗ್ಲೆಂಡಿನ ದಕ್ಷಿಣ ದಂಡೆಯ ಬ್ರಿಕ್ಸ್‌ಹ್ಯಾಮ್‌ಗೆ ಬಂದಿಳಿದ. ಇಂಗ್ಲೆಂಡಿನ ದೊರೆ ಜೇಮ್ಸ್ ಫ್ರಾನ್ಸಿಗೆ ಓಡಿಹೋದ, ವಿಲಿಯಂ ಪಟ್ಟಕ್ಕೇರಿದ.

ಭೂಗೋಳದ ಮೇಷ್ಟ್ರು: ಏಳು ಮಂದಿ ಇಂಗ್ಲಿಷ್ ಮುಖಂಡರೇ ಪತ್ರ ಬರೆದು ಅವನನ್ನು ಕರೆಸಿಕೊಂಡರು. ಕರೆದು ಬಂದವನು ದಾಳಿಕೋರನಲ್ಲ.

ಕೆಂಟ್ ನಿವಾಸಿ: ನಾನು ಡೋವರ್ ಹತ್ತಿರವೇ ಇದ್ದೇನೆ. ಆಕಾಶ ತಿಳಿಯಾಗಿದ್ದ ದಿನ ಬಂಡೆಯ ಮೇಲೆ ನಿಂತರೆ ಫ್ರಾನ್ಸಿನ ದಂಡೆ ಕಾಣುತ್ತದೆ, ಕೈಯಲ್ಲಿರುವ ಮೊಬೈಲ್ ಫ್ರಾನ್ಸಿನ ಜಾಲವನ್ನು ಹಿಡಿದುಬಿಡುತ್ತದೆ. ಇಷ್ಟು ಹತ್ತಿರವಿದ್ದರೂ ಡೋವರಿನ ಶೇ 62 ಮತ ಹೊರಬರುವುದಕ್ಕೆ ಬಿತ್ತು. ದೂರದ ಸ್ಕಾಟ್ಲೆಂಡಿನ ಶೇ 62 ಮತ ಉಳಿಯುವುದಕ್ಕೆ. ನಿಮ್ಮ ನೀರಿನ ಲೆಕ್ಕ ಇಲ್ಲಿ ಕೂಡುವುದಿಲ್ಲ.

ಹಳೇ ಕಡತ: ಸೈನ್ಯ ಕಟ್ಟಿಕೊಂಡು ಬಂದವನನ್ನು ಅತಿಥಿ ಎನ್ನುತ್ತೀರಾ? ಡಚ್ ಕಾವಲುಪಡೆ ಲಂಡನ್ನಿನ ಅರಮನೆಯನ್ನೇ ವಶಪಡಿಸಿಕೊಂಡಿತು. ಪಠ್ಯಪುಸ್ತಕದ ಸಾಲನ್ನೇ ಮತ್ತೆ ಮತ್ತೆ ಒಪ್ಪಿಸಬೇಡಿ!

ಬೆಲ್‌ಫಾಸ್ಟ್ ಕನ್ನಡತಿ: ನೀವಿಬ್ಬರೂ ಇಂಗ್ಲೆಂಡನ್ನೇ ಇಡೀ ದೇಶ ಎಂದುಕೊಂಡಿದ್ದೀರಿ. ಇಲ್ಲಿ, ಬ್ರಿಟನ್ನಿಗೆ ಸೇರಿದ ಉತ್ತರ ಐರ್ಲೆಂಡಿನ ನ್ಯೂರಿಯಿಂದ ಐರ್ಲೆಂಡ್ ಗಣರಾಜ್ಯದ ಡಂಡಾಕ್‌ಗೆ ಹೋಗುವ ರಸ್ತೆಯಲ್ಲಿ ಗೇಟಿಲ್ಲ, ಕಾವಲಿಲ್ಲ. ವೇಗಮಿತಿಯ ಫಲಕ ಮೈಲಿಯಿಂದ ಕಿಲೋಮೀಟರಿಗೆ ಬದಲಾದಾಗ ದೇಶ ಬದಲಾಯಿತೆಂದು ತಿಳಿಯುತ್ತದೆ. ಬ್ರಿಟನ್ ಒಕ್ಕೂಟದಿಂದ ಹೊರಬಂದ ಮೇಲೆ, ಉತ್ತರ ಐರ್ಲೆಂಡಿನ 1998ರ ಶಾಂತಿ ಒಪ್ಪಂದಕ್ಕೆ ಧಕ್ಕೆಯಾಗಬಾರದೆಂದು ಆ ಗಡಿಯಲ್ಲಿ ತಪಾಸಣೆ ಇಡಲಿಲ್ಲ, ಇಂಗ್ಲೆಂಡ್ ಕಡೆಯಿಂದ ಐರಿಷ್ ಸಮುದ್ರ ದಾಟಿ ಬರುವ ಸರಕಿಗೆ ಇಟ್ಟರು. ಕಳೆದ ಬಾರಿ ಇಂಗ್ಲೆಂಡಿನ ಅಂಗಡಿಯೊಂದು ನನಗೆ ತರಕಾರಿ ಬೀಜದ ಪೊಟ್ಟಣ ಕಳಿಸಲು ಆಗದು ಎಂದಿತು. ಒಂದೇ ದೇಶದೊಳಗೆ! ಕಡಲು ಇಲ್ಲಿ ಬ್ರಿಟನ್ನನ್ನು ಕಾಯುತ್ತಿಲ್ಲ, ಅದರ ನಡುವೆಯೇ ಗೋಡೆಯಾಗಿದೆ.

ಹಳೇ ಕಡತ: "ಗೋಡೆ" ಎಂಬ ಮಾತೇ ತಪ್ಪು ಅಕ್ಕಾ. 1688ರಲ್ಲಿ ಪೂರ್ವದ ಗಾಳಿ ವಿಲಿಯಂನ ಹಡಗುಗಳನ್ನು ಇಂಗ್ಲಿಷ್ ಕಾಲುವೆಯುದ್ದಕ್ಕೂ ತಳ್ಳಿಕೊಂಡು ಹೋಯಿತು. ಅದೇ ಗಾಳಿ ಜೇಮ್ಸನ ನೌಕಾಪಡೆಯನ್ನು ಥೇಮ್ಸ್ ನದೀಮುಖದಲ್ಲೇ ಕಟ್ಟಿಹಾಕಿತು.

ಭೂಗೋಳದ ಮೇಷ್ಟ್ರು: ಗಾಳಿಯೂ ಭೂಗೋಳವೇ. ನನ್ನ ವಾದವನ್ನೇ ನೀವು ಹೇಳುತ್ತಿದ್ದೀರಿ.

ಹಳೇ ಕಡತ: ಹಾಗಾದರೆ "ಯಾರೂ ಗೆದ್ದಿಲ್ಲ" ಎಂಬ ಸಾಲನ್ನು ಮೊದಲು ಅಳಿಸಿ.

ಭೂಗೋಳದ ಮೇಷ್ಟ್ರು: ಅಳಿಸುವುದಿಲ್ಲ. ಬೇಕಿದ್ದರೆ "ಕರೆಯದೆ ಬಂದವರು" ಎಂದು ಸೇರಿಸುತ್ತೇನೆ.

ಬೆಲ್‌ಫಾಸ್ಟ್ ಕನ್ನಡತಿ: ಉತ್ತರ ಐರ್ಲೆಂಡಿನ ಶೇ 55.8 ಮತ ಉಳಿಯುವುದಕ್ಕೆ ಬಿದ್ದಿತ್ತು. ಅದಕ್ಕೆ ನಿಮ್ಮ ಡೋವರ್ ನೀರು ಏನು ಹೇಳುತ್ತದೆ ಮೇಷ್ಟ್ರೇ? ಉತ್ತರ ಐರ್ಲೆಂಡಿನ ಮಾತನ್ನು ಎರಡನೇ ಸಲ ಎತ್ತುತ್ತಿದ್ದೇನೆ.