ಅಡ್ಮಿಟ್ ಆಗದೆ, ಮನೆಯಲ್ಲಿದ್ದುಕೊಂಡೇ ಕುಡಿತ ಬಿಡಿಸಲು ಆಗುತ್ತಾ?

ಹಾಸನದವಳು

ಎಲ್ಲರಿಗೂ ನಮಸ್ಕಾರ. ಸುತ್ತಿ ಬಳಸಿ ಹೇಳುವುದಿಲ್ಲ. ನಮ್ಮ ಯಜಮಾನರಿಗೆ 43 ವರ್ಷ, ಪೇಟೆಯಲ್ಲಿ ಎಲೆಕ್ಟ್ರಿಕಲ್ ಅಂಗಡಿ ಇದೆ. ಮೊದಲು ಶನಿವಾರ ಮಾತ್ರ ಕುಡಿಯುತ್ತಿದ್ದರು. ಮೂರು ವರ್ಷದಿಂದ ದಿನಾ. ಅಂಗಡಿ ಬಾಗಿಲು ಹಾಕಿದ ಮೇಲೆ ಒಂದು ಕ್ವಾರ್ಟರ್, ಮನೆಗೆ ಬಂದು ಇನ್ನೊಂದು. ಈಗ ಬೆಳಿಗ್ಗೆಯೂ ಶುರುವಾಗಿದೆ, 90 ಎಂಎಲ್ ಟೆಟ್ರಾ ಪ್ಯಾಕ್ ಸ್ಕೂಟರ್ ಡಿಕ್ಕಿಯಲ್ಲಿ ಇಟ್ಟುಕೊಂಡಿರುತ್ತಾರೆ. ಅದು ಒಳಗೆ ಹೋಗುವವರೆಗೆ ಕೈ ನಡುಗುತ್ತಿರುತ್ತದೆ, ವೈರ್ ಸಿಪ್ಪೆ ತೆಗೆಯಲೂ ಆಗದೆ ಅಂಗಡಿ ಹುಡುಗನ ಕೈಗೆ ಕೊಡುತ್ತಾರೆ.

ಹೊಡೆಯುವವರಲ್ಲ, ಬೈಯುವವರೂ ಅಲ್ಲ. ಹೋದ ತಿಂಗಳು ಮಗಳ ಸ್ಕೂಲ್ ಮೀಟಿಂಗಿಗೆ ಬಂದಾಗ ವಾಸನೆ ಬರುತ್ತಿತ್ತು. ಅವಳು ಅವತ್ತಿನಿಂದ ಅಪ್ಪನ ಜೊತೆ ಮಾತು ಬಿಟ್ಟಿದ್ದಾಳೆ. ಅದಾದ ಮೇಲೆ ಅವರೇ ಬಾಯಿ ಬಿಟ್ಟು "ಬಿಡಬೇಕು ಕಣೇ" ಅಂದರು. ಆದರೆ ಅಡ್ಮಿಟ್ ಮಾತ್ರ ಆಗುವುದಿಲ್ಲವಂತೆ. ಒಂದು ತಿಂಗಳು ಅಂಗಡಿ ಮುಚ್ಚಿದರೆ ಬಾಡಿಗೆ ಯಾರು ಕಟ್ಟುತ್ತಾರೆ, ಚೀಟಿ ಹಣ ಯಾರು ಕಟ್ಟುತ್ತಾರೆ, ಪೇಟೆಯವರಿಗೆ ಗೊತ್ತಾದರೆ ಏನು ಗತಿ ಅಂತ. ಅವರು ಹೇಳುವುದೂ ಸುಳ್ಳಲ್ಲ.

ಇನ್ನೊಂದು ವಿಷಯ. ನಮ್ಮತ್ತೆ ಒಂದು ಪುಡಿ ತರಿಸಿದ್ದಾರೆ. ಗೋಡೆ ಮೇಲೆ ಬರೆದಿರುತ್ತಾರಲ್ಲ, ಗೊತ್ತಾಗದಂತೆ ಕುಡಿತ ಬಿಡಿಸಿ ಅಂತ, ಅದೇ. ಸಾರಿಗೆ ಹಾಕು ಅನ್ನುತ್ತಿದ್ದಾರೆ. ಸಾಸಿವೆ ಡಬ್ಬಿ ಹಿಂದೆ ಇಟ್ಟಿದ್ದೇನೆ, ಇನ್ನೂ ತೆರೆದಿಲ್ಲ. ಹಾಕಬಹುದಾ? ಮನೆಯಿಂದಲೇ ಹೋಗಿ ಬಂದು ಮಾಡಿ ಬಿಟ್ಟವರು ಯಾರಾದರೂ ಇದ್ದೀರಾ?

ನೈಟ್ ಡ್ಯೂಟಿ

ಅಕ್ಕ, ಮೊದಲು ಆ ಪುಡಿ ಎಸೆಯಿರಿ. ಓದಿ ಮುಗಿಸಿ ಆಮೇಲೆ ಅಲ್ಲ, ಈಗಲೇ. ಅದರಲ್ಲಿ ಏನಿದೆ ಅಂತ ನಿಮಗೂ ಗೊತ್ತಿಲ್ಲ, ಮಾರಿದವನೂ ಹೇಳುವುದಿಲ್ಲ. ಒಂದು ವೇಳೆ ಡೈಸಲ್ಫಿರಾಮ್ ತರಹದ್ದು, ಅಂದರೆ ಕುಡಿದರೆ ಮೈಗೆ ಆಗದಂತೆ ಮಾಡುವ ಮಾತ್ರೆ, ಇದ್ದು, ಅವರಿಗೆ ಗೊತ್ತಿಲ್ಲದೆ ಅದರ ಮೇಲೆ ಎರಡು ಕ್ವಾರ್ಟರ್ ಬಿದ್ದರೆ ಬಿಪಿ ಇಳಿದು, ಎದೆ ಹೊಡೆದುಕೊಂಡು, ಜೀವಕ್ಕೇ ಬರಬಹುದು. ಆ ಮಾತ್ರೆಯನ್ನು ಡಾಕ್ಟರುಗಳೂ ರೋಗಿಗೆ ಹೇಳದೆ ಕೊಡುವಂತಿಲ್ಲ.

ನಾನು ಮನೋವೈದ್ಯ ವಾರ್ಡಿನಲ್ಲಿ ನರ್ಸ್. ನೀವು ಬರೆದದ್ದರಲ್ಲಿ ನನಗೆ ಕಣ್ಣಿಗೆ ಹೊಡೆದದ್ದು ಬೆಳಿಗ್ಗೆಯ ಟೆಟ್ರಾ ಪ್ಯಾಕ್. ಅಂದರೆ ಮೈ ಕುಡಿತಕ್ಕೆ ಒಗ್ಗಿ ಹೋಗಿದೆ. ಇಂಥವರು ಒಂದೇ ಸಲಕ್ಕೆ ನಿಲ್ಲಿಸಿಬಿಟ್ಟರೆ ಅಪಾಯ ಜಾಸ್ತಿ. ದಯವಿಟ್ಟು ದೇವರ ಫೋಟೋ ಮುಟ್ಟಿಸಿ "ನಾಳೆಯಿಂದ ಇಲ್ಲ" ಅಂತ ಆಣೆ ಮಾಡಿಸಬೇಡಿ. ಕೊನೆಯ ಗ್ಲಾಸ್ ಇಳಿದು ಏಳೆಂಟು ಗಂಟೆಗೇ ನಡುಕ, ಬೆವರು ಶುರುವಾಗುತ್ತದೆ. ಮೊದಲ ಎರಡು ದಿನದಲ್ಲಿ ಫಿಟ್ಸ್ ಬರಬಹುದು. ಎರಡರಿಂದ ನಾಲ್ಕನೇ ದಿನದೊಳಗೆ ಕೆಲವರಿಗೆ ತಲೆ ಕೆಟ್ಟಂತಾಗಿ, ಗೋಡೆ ಮೇಲೆ ಹುಳ ಹರಿದಂತೆ ಕಾಣುತ್ತದೆ, ಎಲ್ಲಿದ್ದೇನೆ ಅಂತಲೇ ಗೊತ್ತಾಗುವುದಿಲ್ಲ. ಊರಲ್ಲಿ ಇದಕ್ಕೆ ಗಾಳಿ ಮೆಟ್ಟಿಕೊಂಡಿದೆ ಅಂತ ತಾಯತ ಕಟ್ಟಿಸಲು ಓಡುತ್ತಾರೆ. ಅಷ್ಟರಲ್ಲಿ ಕೈ ಮೀರಿರುತ್ತದೆ.

ಹಾಗಂತ ಎಲ್ಲರೂ ಅಡ್ಮಿಟ್ ಆಗಲೇಬೇಕು ಅಂತಿಲ್ಲ. ಈ ಹಿಂದೆ ಫಿಟ್ಸ್ ಬಂದಿರಬಾರದು, ಲಿವರ್ ತೀರಾ ಹಾಳಾಗಿರಬಾರದು, ಮೊದಲ ವಾರ ಹಗಲೂ ರಾತ್ರಿ ಯಾರಾದರೂ ಜೊತೆಗಿರಬೇಕು, ಆಸ್ಪತ್ರೆ ಹತ್ತಿರ ಇರಬೇಕು. ಇಷ್ಟಿದ್ದರೆ ಎಷ್ಟೋ ಜನಕ್ಕೆ ಮನೆಯಿಂದಲೇ ಮಾಡುತ್ತಾರೆ. ಕ್ಲೋರ್‌ಡಯಾಜೆಪಾಕ್ಸೈಡ್, ಲೊರಾಜೆಪಾಮ್ ಈ ತರಹದ ಮಾತ್ರೆ ಕೊಟ್ಟು ಒಂದು ವಾರ, ಹತ್ತು ದಿನದಲ್ಲಿ ಇಳಿಸುತ್ತಾ ಬರುತ್ತಾರೆ. ಮಾತ್ರೆ ನಿಮ್ಮ ಕೈಯಲ್ಲಿರಲಿ, ಅವರ ಜೇಬಲ್ಲಿ ಬೇಡ. ಅದರ ಮೇಲೆ ಕುಡಿದರೆ ಉಸಿರೇ ಕಟ್ಟಬಹುದು. ಆ ದಿನಗಳಲ್ಲಿ ಸ್ಕೂಟರ್ ಕೀಲಿಯೂ ನಿಮ್ಮ ಹತ್ತಿರ ಇರಲಿ. ಬಿ1 ವಿಟಮಿನ್ ಇಂಜೆಕ್ಷನ್ ಕೇಳಿ ಹಾಕಿಸಿ, ಥಯಾಮಿನ್ ಅಂತಾರೆ. ಸುಸ್ತು ಅಂತ ಪಕ್ಕದ ಕ್ಲಿನಿಕ್ಕಿಗೆ ಹೋಗಿ ಅದಿಲ್ಲದೆ ಬರೀ ಗ್ಲೂಕೋಸ್ ಬಾಟಲಿ ಏರಿಸಿಕೊಂಡು ಬರಬೇಡಿ, ಮೆದುಳಿಗೆ ಏಟು ಬೀಳಬಹುದು.

ನಿಮ್ಮ ಊರಲ್ಲೇ ಸರ್ಕಾರಿ ಮೆಡಿಕಲ್ ಕಾಲೇಜ್ ಆಸ್ಪತ್ರೆ ಇದೆ, ಮನೋವೈದ್ಯ ವಿಭಾಗದ ಒಪಿಡಿಗೆ ಹೋಗಿ. ತಾಲ್ಲೂಕಿನವರಾದರೆ ಮನೋಚೈತನ್ಯ ಅಂತ ಮಂಗಳವಾರದ ಕ್ಲಿನಿಕ್ ಇದೆ, ತಾಲ್ಲೂಕು ಆಸ್ಪತ್ರೆಗೇ ಡಾಕ್ಟರ್ ಬರುತ್ತಾರೆ. ಅದಕ್ಕೂ ಮುಂಚೆ ಮಾತಾಡಬೇಕು ಅಂದರೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ 14416, ಕನ್ನಡದಲ್ಲೇ ಮಾತಾಡುತ್ತಾರೆ, ದುಡ್ಡಿಲ್ಲ. ವ್ಯಸನಕ್ಕೇ ಅಂತ ಇರುವ ನಂಬರ್ 14446. ಡಾಕ್ಟರ್ ನೋಡುವವರೆಗೆ ಪೂರ್ತಿ ನಿಲ್ಲಿಸಲು ಒತ್ತಾಯ ಮಾಡಬೇಡಿ.

ಈಗ ಬರೀ ಕಾಫಿ

ಮೇಡಂ, ನಾನು ತಿಪಟೂರಿನವನು, ಬಿಟ್ಟು ನಾಲ್ಕು ವರ್ಷ ದಾಟಿತು. ಒಂದು ದಿನವೂ ಅಡ್ಮಿಟ್ ಆಗಿಲ್ಲ. ನಿಮ್ಹಾನ್ಸ್ ವ್ಯಸನ ಚಿಕಿತ್ಸಾ ಕೇಂದ್ರದ ಒಪಿಡಿಗೆ ಬೆಳಗಿನ ಟ್ರೈನಿಗೆ ಹೋಗಿ ಸಂಜೆ ವಾಪಸ್. ಮೊದಲು ವಾರಕ್ಕೊಂದು ಸಲ, ಆಮೇಲೆ ತಿಂಗಳಿಗೊಂದು.

ನರ್ಸಮ್ಮ ಹೇಳಿದ ಮೊದಲ ವಾರ ಕಷ್ಟ, ನಿಜ. ಆದರೆ ಅದು ಮಾತ್ರೆಯಲ್ಲಿ ಕಳೆದುಹೋಗುತ್ತದೆ. ನನ್ನನ್ನು ಹಿಂಡಿದ್ದು ಆಮೇಲಿನದು, ಸಂಜೆ ಆರೂವರೆಯಿಂದ ಎಂಟೂವರೆ. ಆಸ್ಪತ್ರೆಯಲ್ಲಿದ್ದರೆ ಆ ಹೊತ್ತಿಗೆ ಗೇಟ್ ಹಾಕಿರುತ್ತಾರೆ. ಮನೆಯಲ್ಲಿದ್ದವನಿಗೆ ಗೇಟ್ ಇಲ್ಲ, ಬಾರ್ ಇನ್ನೂರು ಹೆಜ್ಜೆ. ಬಾಯಲ್ಲಿ ನೀರು ಬರುತ್ತಿತ್ತು, ಸುಮ್ನೆ ಸಿಟ್ಟು ಬರುತ್ತಿತ್ತು. ಕೌನ್ಸೆಲಿಂಗ್ ಮಾಡಿದ ಹುಡುಗಿ ನನ್ನ ಮಗಳ ವಯಸ್ಸಿನವಳು, ಅವಳು ಕುಡಿತದ ಬಗ್ಗೆ ಉಪದೇಶ ಮಾಡಲೇ ಇಲ್ಲ. ಒಂದು ಹಾಳೆ ಕೊಟ್ಟು ಅಂಗಡಿಯಿಂದ ಮನೆಗೆ ದಾರಿ ಬರೆಯಿರಿ ಅಂದಳು. ಬರೆದೆ. ಬಾರ್ ಎಲ್ಲಿದೆ, ಗೆಳೆಯರು ನಿಲ್ಲುವ ಬೀಡಾ ಅಂಗಡಿ ಎಲ್ಲಿದೆ ಗುರುತು ಹಾಕಿ ಅಂದಳು. ಹಾಕಿದೆ. "ಈ ದಾರಿ ಬಿಟ್ಟು ಬೇರೆ ದಾರಿ ಇದೆಯಾ ಸರ್?" ಅಂದಳು. ಇತ್ತು, ಅರ್ಧ ಕಿಲೋಮೀಟರ್ ಜಾಸ್ತಿ. ಇವತ್ತಿಗೂ ನಾನು ಆ ದಾರಿಯಲ್ಲೇ ಬರುವುದು. ಇನ್ನೊಂದು, ಹೊಟ್ಟೆ ಖಾಲಿ ಬಿಡಬೇಡಿ ಅಂದರು. ಆರು ಗಂಟೆಗೆ ಮನೆಯವಳು ಅಂಗಡಿಗೇ ಉಪ್ಪಿಟ್ಟೋ ಅವಲಕ್ಕಿಯೋ ಕಳಿಸುತ್ತಿದ್ದಳು. ಹೊಟ್ಟೆ ತುಂಬಿದ್ದರೆ ಆಸೆ ಅರ್ಧ ಸತ್ತಂತೆ.

ನಾನು ಡೈಸಲ್ಫಿರಾಮ್ ತಗೊಂಡೆ, ಗೊತ್ತಿದ್ದೇ, ಕಾಗದಕ್ಕೆ ಸಹಿ ಹಾಕಿ. ಬೆಳಿಗ್ಗೆ ತಿಂಡಿ ಆದ ಮೇಲೆ ಮನೆಯವಳ ಎದುರಿಗೇ ನೀರಲ್ಲಿ ಕರಗಿಸಿ ಕುಡಿಯುವುದು. ಒಂದು ಸಲ ನೆಗಡಿ ಅಂತ ನಮ್ಮಮ್ಮ ದಶಮೂಲಾರಿಷ್ಟ ಕುಡಿಸಿದರು, ಅರಿಷ್ಟದಲ್ಲಿ ಆಲ್ಕೋಹಾಲ್ ಇರುತ್ತದೆ ಅಂತ ಪಾಪ ಅವರಿಗೇನು ಗೊತ್ತು, ಹತ್ತು ನಿಮಿಷಕ್ಕೆ ಮುಖ ಕೆಂಪಡರಿ ಎದೆ ನಗಾರಿ ಹೊಡೆದಂತೆ ಹೊಡೆದುಕೊಂಡಿತು. ಕೆಮ್ಮಿನ ಸಿರಪ್ಪೂ ನೋಡಿ ತಗೊಳ್ಳಬೇಕು. ಇದು ಎಲ್ಲರಿಗೂ ಆಗುವ ಮಾತ್ರೆಯಲ್ಲ, ಹೃದಯದ ತೊಂದರೆ ಇದ್ದರೆ ಕೊಡುವುದಿಲ್ಲ. ಆಸೆ ಕಡಿಮೆ ಮಾಡುವ ನಾಲ್ಟ್ರೆಕ್ಸೋನ್, ಅಕಾಂಪ್ರೋಸೇಟ್ ಅಂತ ಬೇರೆಯವೂ ಇವೆ.

ಏಳನೇ ತಿಂಗಳಲ್ಲಿ ಜಾರಿದೆ, ಅದನ್ನೂ ಹೇಳಿಬಿಡುತ್ತೇನೆ. ಭಾಮೈದನ ಮದುವೆಯ ಬೀಗರೂಟ ಇತ್ತು. ಎರಡು ವಾರ ಮುಂಚೆಯೇ ಮಾತ್ರೆ ನಿಲ್ಲಿಸಿದ್ದೆ, ನಾಲಿಗೆ ಕೆಳಗೆ ಇಟ್ಟುಕೊಂಡು ಆಮೇಲೆ ಉಗಿಯುವುದು. ಅಷ್ಟು ಲೆಕ್ಕಾಚಾರ! ಕರಗಿಸಿ ಕುಡಿಯುವ ಪದ್ಧತಿ ಶುರುವಾಗಿದ್ದೇ ಅದರಿಂದ. ಸೋಮವಾರ ಒಪಿಡಿಗೆ ಹೋಗಿ ತಲೆ ತಗ್ಗಿಸಿ ಕೂತರೆ ಡಾಕ್ಟರ್ ಬೈಯಲಿಲ್ಲ, ತಾರೀಖು ಬರೆದುಕೊಂಡು "ಮುಂದಿನ ಮದುವೆ ಯಾವಾಗ?" ಅಂತ ಕೇಳಿದರು.

ಖಡಕ್ ರೊಟ್ಟಿ

ತಂಗಿ, ಎಲ್ಲರೂ ಆಗುತ್ತದೆ ಅಂತ ಬರೆಯುತ್ತಿದ್ದಾರೆ, ನಾನು ಆಗದೇ ಇದ್ದದ್ದು ಬರೆಯುತ್ತೇನೆ ನೋಡ್ರಿ. ನಮ್ಮಣ್ಣನಿಗೆ ಎರಡು ಸಲ ಮನೆಯಲ್ಲೇ ಇಟ್ಟುಕೊಂಡು ಪ್ರಯತ್ನ ಮಾಡಿದೆವು. ಡಾಕ್ಟರ್ ಗೀಕ್ಟರ್ ಇಲ್ಲ, ನಾವೇ. ಎರಡನೇ ರಾತ್ರಿ ಫಿಟ್ಸ್ ಬಂದು ಕಟ್ಟೆಗೆ ತಲೆ ಬಡಿದು ಆರು ಹೊಲಿಗೆ.

ಆಮೇಲೆ ಭಯ ಬಿದ್ದು ಒಂದು ಖಾಸಗಿ ಸೆಂಟರಿಗೆ ಹಾಕಿದೆವು. ಹೆಸರು ಬೇಡ. ರಾತ್ರಿ ಗಾಡಿ ತಂದು ಎತ್ತಿಕೊಂಡು ಹೋದರು, ಮೂರು ತಿಂಗಳು ಫೋನ್ ಇಲ್ಲ, ನೋಡಲು ಬಿಡಲಿಲ್ಲ, ಡಾಕ್ಟರ್ ಒಬ್ಬರೂ ಅಲ್ಲಿಗೆ ಬರುತ್ತಿರಲಿಲ್ಲ ಅಂತ ಆಮೇಲೆ ಗೊತ್ತಾಯಿತು. ಹನ್ನೆರಡು ಕಿಲೋ ಇಳಿದು ಬಂದ, ಬಂದ ಸಂಜೆಯೇ ಕುಡಿದ. 2017ರ ಮಾನಸಿಕ ಆರೋಗ್ಯ ಕಾಯಿದೆ ಮದ್ಯದ ವ್ಯಸನಕ್ಕೂ ಅನ್ವಯಿಸುತ್ತದೆ, ಹಂಗೆ ಎತ್ತಿಕೊಂಡು ಹೋಗಿ ಕೂಡಿ ಹಾಕುವಂತಿಲ್ಲ, ಸೆಂಟರಿಗೆ ನೋಂದಣಿ ಇರಬೇಕು. ನಮಗೆ ಆಗ ಯಾರು ಹೇಳಬೇಕಿತ್ತು. ಕೊನೆಗೆ ಧಾರವಾಡದ ಸರ್ಕಾರಿ ಮಾನಸಿಕ ಆಸ್ಪತ್ರೆ ಡಿಮ್ಹಾನ್ಸ್‌ನಲ್ಲಿ ಸರಿಯಾಗಿ ಅಡ್ಮಿಟ್ ಆಗಿ ಹೊರಗೆ ಬಂದ ಮೇಲೆಯೇ ಸುಧಾರಿಸಿದ್ದು. ಡಾಕ್ಟರ್ ಅಡ್ಮಿಟ್ ಅಂದರೆ ಅಂಗಡಿ ಅನ್ನಬೇಡ್ರಿ. ಹತ್ತು ದಿನ ಬಾಗಿಲು ಹಾಕಿದರೆ ಅಂಗಡಿ ಏನೂ ಓಡಿ ಹೋಗುವುದಿಲ್ಲ.

ಜರ್ಸಿಯಲ್ಲೊಬ್ಬ

ಕಾಫಿ ಅಣ್ಣ ಬರೆದ ಆರೂವರೆ, ಎಂಟೂವರೆ ಓದಿ ಬರೆಯುತ್ತಿದ್ದೇನೆ. ನಾನಿರುವುದು ನ್ಯೂಜೆರ್ಸಿ, ಐಟಿ ಕೆಲಸ. ಇಲ್ಲಿ ಇದಕ್ಕೇ ಒಂದು ವ್ಯವಸ್ಥೆ ಇದೆ, ಐಓಪಿ ಅನ್ನುತ್ತಾರೆ. ಮನೆಯಲ್ಲೇ ಇರುವುದು, ಕೆಲಸಕ್ಕೂ ಹೋಗುವುದು, ವಾರಕ್ಕೆ ಕಡಿಮೆ ಅಂದರೂ ಒಂಬತ್ತು ಗಂಟೆ ಚಿಕಿತ್ಸೆಗೆ ಹೋಗುವುದು. ಅದಕ್ಕೂ ಬಿಗಿ ಬೇಕಾದವರಿಗೆ ವಾರಕ್ಕೆ ಇಪ್ಪತ್ತು ಗಂಟೆಯ ಹಗಲಿನ ಚಿಕಿತ್ಸೆ ಬೇರೆ ಇದೆ. ನನ್ನದು ಸೋಮವಾರ, ಬುಧವಾರ, ಗುರುವಾರ, ಸಂಜೆ ಆರರಿಂದ ಒಂಬತ್ತು. ಯಾಕೆ ಆ ಹೊತ್ತು ಅಂತ ಕೇಳಿದ್ದಕ್ಕೆ ಅಲ್ಲಿಯ ಹೆಂಗಸು ನಕ್ಕು "ಬೇರೆ ಯಾವ ಹೊತ್ತಲ್ಲಿ ನೀನು ಕುಡಿಯುತ್ತಿದ್ದೆ?" ಅಂದಳು.

ಹತ್ತು ಜನರ ಗುಂಪು, ವೃತ್ತಾಕಾರದಲ್ಲಿ ಕುರ್ಚಿ. ಯಾವಾಗ ಬೇಕಾದರೂ ಮೂತ್ರ ಪರೀಕ್ಷೆ. ಮೊದಲ ಎರಡು ವಾರ ನಾನು ಬಾಯಿ ಬಿಡಲಿಲ್ಲ. ಇಂಗ್ಲಿಷ್ ಬರುತ್ತದೆ, ಆದರೆ ನಮ್ಮಪ್ಪ ಕುಡಿದು ಬಂದ ರಾತ್ರಿ ಅಮ್ಮ ಹಿತ್ತಲಲ್ಲಿ ಕೂತು ಪಾತ್ರೆ ಉಜ್ಜುತ್ತಲೇ ಇರುತ್ತಿದ್ದಳು ಅನ್ನುವುದನ್ನು ಆ ಭಾಷೆಯಲ್ಲಿ ಹೇಳಿದರೆ ಅದು ಬೇರೆ ಯಾರದೋ ಕಥೆ ಅನ್ನಿಸುತ್ತಿತ್ತು. ಬೆಂಗಳೂರಿನ ಎಎ (ಆಲ್ಕೊಹಾಲಿಕ್ಸ್ ಅನಾನಿಮಸ್, ಕುಡಿತ ಬಿಡುವವರೇ ಸೇರಿ ಕೂರುವ ಗುಂಪು) ಗೆಳೆಯನೊಬ್ಬನಿಗೆ ಭಾನುವಾರ ಫೋನ್ ಮಾಡಿ ಕನ್ನಡದಲ್ಲಿ ಅಳುತ್ತಿದ್ದೆ. ಎರಡೂ ಬೇಕಾಯಿತು.

ಕೆಲಸ ಹೋಗುತ್ತದೆ, ವೀಸಾ ಹೋಗುತ್ತದೆ ಅಂತ ಹೆದರಿ ಒಂದು ವರ್ಷ ಸುಮ್ಮನೆ ಕಳೆದೆ. ಇಲ್ಲಿ ಚಿಕಿತ್ಸೆಯ ದಾಖಲೆ ಗುಟ್ಟಾಗಿಡಲು ಬೇರೆಯೇ ಕಾನೂನಿದೆ. ಅರ್ಹತೆ ಇದ್ದವರಿಗೆ ವರ್ಷಕ್ಕೆ 12 ವಾರ ಸಂಬಳ ಇಲ್ಲದ ರಜೆ ಇದೆ, ಅದನ್ನು ಬಿಡಿ ಬಿಡಿಯಾಗಿಯೂ ತಗೊಳ್ಳಬಹುದು. ಇಲ್ಲಿರುವ ಕನ್ನಡದವರು ಯಾರಾದರೂ ಓದುತ್ತಿದ್ದರೆ ಅಂತ ಬರೆದೆ.

ಅಕ್ಕ, ಹಾಸನದಲ್ಲಿ ಐಓಪಿ ಅಂತ ಬೋರ್ಡ್ ಹುಡುಕಬೇಡಿ. ವಾರಕ್ಕೊಂದು ಒಪಿಡಿ, ಎರಡು ಸಂಜೆ ಎಎ ಮೀಟಿಂಗ್ ಸಿಕ್ಕರೆ ಹೆಚ್ಚು ಕಡಿಮೆ ಅದೇ ಆಯಿತು.

ಕುಂದಾಪ್ರದ ಅಮ್ಮ

ಮಗಾ, ಎಲ್ಲ ಗಂಡಸರ ಬಗ್ಗೆಯೇ ಆಯ್ತು. ನಾನು ಆರು ವರ್ಷ ಪೊಲೀಸ್ ಕೆಲಸ ಮಾಡಿದೆ. ಬಾಯಿ ಮೂಸುವುದು, ಜೇಬು ತಡಕುವುದು, ಬಾಟಲಿಗೆ ಪೆನ್ನಿನಲ್ಲಿ ಗೆರೆ ಹಾಕಿಡುವುದು. ಅವರು ಕುಡಿಯುವುದೂ ನಿಲ್ಲಲಿಲ್ಲ, ನನ್ನ ಬಿಪಿ ಏರಿತು. ಮಾತ್ರೆ ಕೊಡುವುದು ನಿನ್ನ ಕೆಲಸ ಅಂತ ಇಬ್ಬರೂ ಒಪ್ಪಿಕೊಂಡಿದ್ದರೆ ಅಷ್ಟು ಮಾಡು, ಡಿಕ್ಕಿ ತೆಗೆದು ನೋಡುವುದು ಬಿಡು. ಅಲ್-ಅನಾನ್ ಅಂತ ಮನೆಯವರದ್ದೇ ಗುಂಪು ಉಂಟು, ನಾನು ಅಲ್ಲಿ ಹೋದ ಮೇಲೆಯೇ ರಾತ್ರಿ ನಿದ್ದೆ ಮಾಡಿದ್ದು.

ನಮ್ಮವರು ಬಿಟ್ಟಿದ್ದು ಧರ್ಮಸ್ಥಳದವರ ಮದ್ಯವರ್ಜನ ಶಿಬಿರದಲ್ಲಿ, ಎಂಟು ದಿನ ಅಲ್ಲೇ ಉಳಿಯಬೇಕು. ನೀನು ಕೇಳಿದ್ದು ಅದಲ್ಲ, ಗೊತ್ತು. ಆದರೆ ಶಿಬಿರಕ್ಕಿಂತ ಜಾಸ್ತಿ ಕೆಲಸ ಮಾಡಿದ್ದು ಆಮೇಲಿನ ನವಜೀವನ ಸಮಿತಿ. ಬಿಟ್ಟವರೆಲ್ಲ ಊರಲ್ಲೇ ಸೇರಿ ಕೂರುತ್ತಾರೆ. ಯಾರು ಬರಲಿಲ್ಲವೋ ಅವರ ಮನೆಗೆ ಇಬ್ಬರು ಹುಡುಕಿಕೊಂಡು ಹೋಗುತ್ತಾರೆ.

ಹಾಸನದವಳು

ಹನ್ನೊಂದು ದಿನ ಆಯಿತು, ಬರೆಯಲು ಆಗಿರಲಿಲ್ಲ. ಪುಡಿ ಅವತ್ತೇ ಚರಂಡಿಗೆ ಹೋಯಿತು, ಅತ್ತೆ ಎರಡು ದಿನ ಮುಖ ಊದಿಸಿಕೊಂಡಿದ್ದರು. ಆಸ್ಪತ್ರೆಗೆ ಹೋದೆವು. ಫಿಟ್ಸ್ ಬಂದಿಲ್ಲ, ಮನೆ ಹತ್ತಿರ ಇದೆ, ಮನೆಯಿಂದಲೇ ಮಾಡೋಣ, ಏನಾದರೂ ಹೆಚ್ಚು ಕಡಿಮೆ ಆದರೆ ಆ ಕ್ಷಣ ಕರೆದುಕೊಂಡು ಬರಬೇಕು ಅಂದರು. ನನ್ನ ತಮ್ಮ ಬಂದು ಒಂದು ವಾರ ಇದ್ದ. ಮೂರನೇ ರಾತ್ರಿ ಬನಿಯನ್ ಹಿಂಡಿದರೆ ನೀರು ಬರುವಷ್ಟು ಬೆವರು. ನಾನೂ ತಮ್ಮನೂ ಸರದಿ ಮೇಲೆ ಎಚ್ಚರ ಇದ್ದೆವು. ಐದನೇ ದಿನ ಮೂರು ಇಡ್ಲಿ ತಿಂದರು. ಅಂಗಡಿ ಆರು ದಿನ ಮುಚ್ಚಿತ್ತು, ಬೋರ್ಡಿನಲ್ಲಿ ಜ್ವರ ಅಂತ ಬರೆದೆವು.

ಲಿವರ್ ರಿಪೋರ್ಟ್ ನೋಡಿ ಮುಂದಿನ ಮಾತ್ರೆ ಹೇಳುತ್ತಾರಂತೆ. ಈಗ ಆರಕ್ಕೇ ಅಂಗಡಿ ಬಾಗಿಲು ಹಾಕುತ್ತಾರೆ. ಏಳರಿಂದ ಎಂಟು ಏನು ಮಾಡಬೇಕು ಅಂತ ಗೊತ್ತಾಗದೆ ಮನೆಯ ಸ್ವಿಚ್ ಬೋರ್ಡ್ ಎಲ್ಲ ಬಿಚ್ಚಿ ಹೊಸದು ಹಾಕುತ್ತಿದ್ದಾರೆ, ಚೆನ್ನಾಗಿದ್ದವನ್ನೂ. ಮಗಳು ಇನ್ನೂ ಮಾತಾಡಿಲ್ಲ.

ಒಂದೇ ಪ್ರಶ್ನೆ. ಈ ಭಾನುವಾರ ನಾದಿನಿ ಮಗುವಿನ ನಾಮಕರಣ. ಭಾವಂದಿರೆಲ್ಲ ಸಂಜೆ ತೋಟದಲ್ಲಿ ಕೂರುವವರೇ. ಹೋಗದಿದ್ದರೆ ಮಾತು ಬರುತ್ತದೆ. ಏನು ಮಾಡಲಿ?

ಈಗ ಬರೀ ಕಾಫಿ

ಹನ್ನೆರಡೂವರೆಗೆ ಹೋಗಿ, ಮೊದಲ ಪಂಕ್ತಿಯಲ್ಲೇ ಊಟಕ್ಕೆ ಕೂರಿ, ಎರಡಕ್ಕೆ ಹೊರಡಿ. ಬಸ್ಸಿಗೆ ಹೋಗಬೇಡಿ, ಕಾಯುವಾಗ ಯಾರಾದರೂ ಕರೆದುಕೊಂಡು ಹೋಗುತ್ತಾರೆ. ತಮ್ಮನ ಬೈಕ್ ಇದೆಯಾ?