ಸೋಮವಾರ ರಾಜೀನಾಮೆ ಕೊಡಬೇಡ, ಪುಟ್ಟಿ

ಪುಟ್ಟಿ, ನಿನ್ನೆ ರಾತ್ರಿ ನೀನು ಮನೆಯವರ ಗುಂಪಿನಲ್ಲಿ ಬರೆದದ್ದನ್ನು ಈಗ ನೋಡಿದೆ. ಜ್ವರ ಬಿಟ್ಟು ಮೂರು ವಾರವಾದರೂ ಧ್ವನಿ ಬಂದಿಲ್ಲ, ಎಡಗಡೆಯ ಧ್ವನಿತಂತು ಅಲುಗುತ್ತಿಲ್ಲ ಎಂದಿದ್ದಾರೆ ವೈದ್ಯರು, ಸೋಮವಾರ ಶಾಲೆಗೆ ಹೋಗಿ ರಾಜೀನಾಮೆ ಕೊಟ್ಟುಬಿಡುತ್ತೇನೆ ಎಂದಿದ್ದೀಯ. ಇದಕ್ಕೆ ಬರೆದು ಉತ್ತರಿಸಲು ಮನಸ್ಸಾಗಲಿಲ್ಲ, ಮಾತನಾಡಿಯೇ ಕಳುಹಿಸುತ್ತಿದ್ದೇನೆ. ಅತ್ತೆಯ ಈ ಒರಟು ಧ್ವನಿಯನ್ನು ನೀನು ಚಿಕ್ಕವಳಿದ್ದಾಗಿನಿಂದ ಕೇಳಿದ್ದೀಯ. ಅದು ಯಾಕೆ ಹೀಗಾಯಿತೆಂದು ನಿನಗೆ ಯಾರೂ ಹೇಳಿರಲಿಕ್ಕಿಲ್ಲ.

2009ರಲ್ಲಿ ನನಗೂ ಇದೇ ಆಯಿತು. ಅದೇ ಎಡಗಡೆ, ಅದೇ ಜ್ವರದ ನಂತರ. ಮಕ್ಕಳು ಕಾರ್ಡು ಹಿಡಿದು ತಮ್ಮ ತಮ್ಮ ವೇಗದಲ್ಲಿ ಕಲಿಯುವ ನಲಿಕಲಿ ಪದ್ಧತಿ ರಾಜ್ಯದ ಸರ್ಕಾರಿ ಶಾಲೆಗಳಿಗೆಲ್ಲ ಬರುತ್ತಿದ್ದ ವರ್ಷ ಅದು. ಶಿಕ್ಷಕರಿಗೆ ತರಬೇತಿ ನೀಡುವ ಸಂಪನ್ಮೂಲ ವ್ಯಕ್ತಿಗಳ ಪಟ್ಟಿಯಲ್ಲಿ ನನ್ನ ಹೆಸರಿತ್ತು. ಗಾಳಿ ಮಾತ್ರ ಹೊರಡುವ ಗಂಟಲಿನವಳನ್ನು ಯಾರು ತಾನೇ ವೇದಿಕೆಗೆ ಕರೆಯುತ್ತಾರೆ? ಹೆಸರು ಕೈಬಿಟ್ಟರು, ಮತ್ತೆ ಸೇರಿಸಲಿಲ್ಲ. ಆ ನೋವು ಇಂದಿಗೂ ಇದೆ.

ವೈದ್ಯರು ಎದೆಯ ಸ್ಕ್ಯಾನ್ ಬರೆದುಕೊಟ್ಟಾಗ, ಗಂಟಲಿನ ತೊಂದರೆಗೆ ಎದೆ ಯಾಕೆಂದು ನಾನು ಹೆದರಿದ್ದೆ. ಎಡಗಡೆಯ ಧ್ವನಿತಂತುವನ್ನು ಅಲುಗಿಸುವ ನರ ಎದೆಗಿಳಿದು, ಮಹಾಪಧಮನಿಯನ್ನು ಬಳಸಿಕೊಂಡು ಮತ್ತೆ ಮೇಲೇರಿ ಧ್ವನಿಪೆಟ್ಟಿಗೆಯನ್ನು ಸೇರುತ್ತದೆ. ಆ ದಾರಿಯಲ್ಲಿ ಗಡ್ಡೆಯೇನಾದರೂ ಒತ್ತುತ್ತಿದೆಯೇ ಎಂದು ನೋಡಲೇಬೇಕು. ನಿನಗೆ ಆ ಸ್ಕ್ಯಾನ್ ಆಗಿದೆಯೇ? ಆಗಿರದಿದ್ದರೆ ಮೊದಲು ಅದನ್ನು ಕೇಳು. ನನಗೆ ಏನೂ ಕಾಣಿಸಲಿಲ್ಲ. ಜ್ವರದ ವೈರಾಣುವೇ ನರಕ್ಕೆ ಪೆಟ್ಟು ಕೊಟ್ಟಿರಬೇಕೆಂದರು. ಹಾಗೆ ಸುಮ್ಮನಾದ ನರ ತಾನಾಗಿ ಚೇತರಿಸಿಕೊಳ್ಳಲು ತಿಂಗಳುಗಳು ಹಿಡಿಯುತ್ತವೆ. ಶಾಶ್ವತವಾದ ಶಸ್ತ್ರಚಿಕಿತ್ಸೆಗೆ ಸಾಮಾನ್ಯವಾಗಿ ಒಂದು ವರ್ಷದವರೆಗೂ ಕಾಯುವುದು ಅದಕ್ಕಾಗಿಯೇ. ನೀನು ಕಾದಿರುವುದು ಮೂರೇ ವಾರ.

ಅತ್ತಿಗೆ, ನೀವು ಶುಂಠಿ ಮೆಣಸಿನ ಕಷಾಯ ಕೊಡುತ್ತಿದ್ದೀರೆಂದು ಓದಿದೆ. ಅದರಿಂದ ಈ ನರ ಏಳುವುದಿಲ್ಲ. ಮೇಲಾಗಿ ತೆಳ್ಳಗಿನದನ್ನು ಗಟಗಟನೆ ಕುಡಿದರೆ ನೆತ್ತಿಗೇರುತ್ತದೆ. ಗುಟುಕು ಗುಟುಕಾಗಿ ಕುಡಿಯಲಿ. ತಲೆಯನ್ನು ಎಡಕ್ಕೆ ಹೊರಳಿಸಿ ನುಂಗುವುದನ್ನು ನನಗೆ ಹೇಳಿಕೊಟ್ಟಿದ್ದರು, ಅವಳಿಗೂ ಅದು ಆಗುತ್ತದೆಯೇ ಎಂದು ಕೇಳಿ.

ನಾನು ಹಾಸನದಿಂದ ರೈಲು ಹತ್ತಿ ಮೈಸೂರಿನ ಮಾನಸಗಂಗೋತ್ರಿಯ ವಾಕ್ ಶ್ರವಣ ಸಂಸ್ಥೆಗೆ ಹೋಗಿದ್ದೆ. ಒಂದೇ ಉಸಿರಿನಲ್ಲಿ ಎಷ್ಟು ಹೊತ್ತು ಆಗುತ್ತದೋ ಅಷ್ಟು ಹೊತ್ತು ‘ಆ’ ಎನ್ನಿ ಎಂದರು. ನಾಲ್ಕು ಸೆಕೆಂಡು! ಸಾಮಾನ್ಯವಾಗಿ ಹದಿನೈದಾದರೂ ಬರಬೇಕು. ಹಿಂದಿರುಗುವಾಗ ಊರು ಬರುವವರೆಗೂ ಕಿಟಕಿಯ ಕಡೆಗೆ ಮುಖ ಮಾಡಿ ಅಳುತ್ತಿದ್ದೆ. ಮರುದಿನದಿಂದ ಅವರು ಕಲಿಸಿದ ಅಭ್ಯಾಸ ಮಾಡಿ, ಸೆಕೆಂಡುಗಳನ್ನು ಕ್ಯಾಲೆಂಡರಿನ ಚೌಕಗಳಲ್ಲಿ ಬರೆಯತೊಡಗಿದೆ.

ರಜೆ ಮುಗಿಸಿ ಶಾಲೆಗೆ ಹೋದಾಗ ನನ್ನನ್ನು ಕಾಪಾಡಿದ್ದು ನಲಿಕಲಿಯೇ. ಮಕ್ಕಳು ಕಲಿಕೆಯ ಮೆಟ್ಟಿಲು ತೋರಿಸುವ ಏಣಿಯ ಪಟ ನೋಡಿಕೊಂಡು ತಮ್ಮ ಕಾರ್ಡು ತೆಗೆದುಕೊಂಡು, ‘ತಟ್ಟೆ’ ಎಂದು ಕರೆಯುವ ತಮ್ಮ ಗುಂಪಿಗೆ ಹೋಗಿ ಕುಳಿತುಕೊಳ್ಳುತ್ತಿದ್ದರು. ನಾನು ಪಕ್ಕದಲ್ಲಿ ಕುಳಿತು ಮೆಲ್ಲಗೆ ಹೇಳಿದರೆ ಸಾಕಿತ್ತು. ಎಲ್ಲರಿಗೂ ಹೇಳಬೇಕಾದದ್ದನ್ನು ಮೂರನೆಯ ತರಗತಿಯ ಒಬ್ಬ ಹುಡುಗಿ ನನ್ನ ಬಾಯಿಂದ ಕೇಳಿ ಗಟ್ಟಿಯಾಗಿ ಹೇಳುತ್ತಿದ್ದಳು. ಕೂಗದೆಯೂ ಪಾಠ ಮಾಡಬಹುದೆಂದು ನಾನು ಕಲಿತದ್ದು ಆ ವರ್ಷ.

ಕ್ಯಾಲೆಂಡರಿನ ಲೆಕ್ಕ ಎಂಟಕ್ಕೆ ಬಂದು ನಿಂತುಬಿಟ್ಟಿತು. ಹನ್ನೊಂದನೆಯ ತಿಂಗಳಲ್ಲಿ ಶಸ್ತ್ರಚಿಕಿತ್ಸೆಯಾಯಿತು. ಪೂರ್ತಿ ಮಂಪರು ಬರಿಸುವುದಿಲ್ಲ, ಪುಟ್ಟಿ. ಕುತ್ತಿಗೆಯಷ್ಟೇ ಮರಗಟ್ಟಿರುತ್ತದೆ. ಅಲುಗದ ತಂತುವನ್ನು ಪಕ್ಕದಿಂದ ಮಧ್ಯಕ್ಕೆ ಒತ್ತುವ ಸಣ್ಣ ತುಂಡನ್ನು ಕೂರಿಸುತ್ತಾ, ಅಂಕಿ ಎಣಿಸಿ ಎಂದರು. ಒಂದು, ಎರಡು ಗಾಳಿಯಾಗಿಯೇ ಹೋದವು. ಏಳಕ್ಕೆ ಬರುವಷ್ಟರಲ್ಲಿ ನನ್ನ ಧ್ವನಿ ನನಗೇ ಕೇಳಿಸಿತು.

ನಿನಗೆ ಅಷ್ಟು ದೂರ ಹೋಗುವ ಅಗತ್ಯ ಬಾರದಿರಲಿ. ಸೋಮವಾರ ರಾಜೀನಾಮೆಯ ಬದಲು ವೈದ್ಯಕೀಯ ಪ್ರಮಾಣಪತ್ರದೊಂದಿಗೆ ಪರಿವರ್ತಿತ ರಜೆಯ, ಅಂದರೆ ಅರ್ಧ ವೇತನದ ರಜೆಯನ್ನು ಪೂರ್ಣ ವೇತನದ ರಜೆಯಾಗಿಸಿಕೊಳ್ಳುವ, ಅರ್ಜಿ ಕೊಡು. ಒಂದು ದಿನಕ್ಕೆ ಅರ್ಧ ವೇತನ ರಜೆ ಎರಡು ದಿನ ಕಳೆಯುತ್ತದೆ, ಕಳೆಯಲಿ. ಒಂದು ವೇಳೆ ಶಾಶ್ವತ ಅಂಗವೈಕಲ್ಯವೆಂದೇ ಆದರೂ 2016ರ ಅಂಗವಿಕಲ ವ್ಯಕ್ತಿಗಳ ಹಕ್ಕುಗಳ ಕಾಯ್ದೆಯ 20(4)ನೇ ಕಲಮನ್ನು ನಿಮ್ಮ ಕಚೇರಿಯವರಿಗೆ ತೋರಿಸು. ಸೇವೆಯಲ್ಲಿರುವಾಗ ಅಂಗವೈಕಲ್ಯಕ್ಕೆ ಒಳಗಾದ ಸರ್ಕಾರಿ ನೌಕರರನ್ನು ತೆಗೆಯುವಂತಿಲ್ಲ, ದರ್ಜೆ ಇಳಿಸುವಂತಿಲ್ಲ. ಆ ಹುದ್ದೆ ಆಗದಿದ್ದರೆ ಅದೇ ವೇತನದ ಬೇರೆ ಹುದ್ದೆ ಕೊಡಬೇಕು. ಆದರೆ ನೀನಾಗಿಯೇ ರಾಜೀನಾಮೆ ಕೊಟ್ಟು ಬಂದ ಮೇಲೆ ಯಾವ ಕಲಮನ್ನು ತೋರಿಸುತ್ತೀಯ?

ಭಾನುವಾರ ಬರುತ್ತೇನೆ, ಅರ್ಜಿ ಇಬ್ಬರೂ ಕೂತು ಬರೆಯೋಣ. ಅಷ್ಟರಲ್ಲಿ ಪಿಸುಗುಟ್ಟಿ ಗಂಟಲನ್ನು ದಣಿಸಬೇಡ. ನಾಳೆ ಬೆಳಿಗ್ಗೆ ಒಮ್ಮೆ ಗಡಿಯಾರ ನೋಡಿಕೊಂಡು ‘ಆ’ ಎಂದು ಹೇಳಿ, ಎಷ್ಟು ಸೆಕೆಂಡು ಬಂತೆಂದು ಇಲ್ಲಿ ಬರೆ. ಎರಡೇ ಬಂದರೂ ಬರೆ.